ಸಂಡಿಗೆ ಕಾಯಲು ಹೋದ ಅಪ್ಪ

ಆಗೆಲ್ಲ ನಮ್ಮ ಬಂಕಾಪುರದಲ್ಲಿ ಬೇಸಿಗೆ ಬಂತೆಂದರೆ ಮನುಷ್ಯರು ಕೆಳಗೆ, ಸಂಡಿಗೆ ಮೇಲೆ. ಯಾವ ಮಾಳಿಗೆ ನೋಡಿದರೂ ಹಪ್ಪಳ, ಶಾವಿಗೆ, ಉಪ್ಪು ಸವರಿದ ಮೆಣಸಿನಕಾಯಿ, ಅವುಗಳ ಅಂಚಿಗೆ ಕಾವಲು ಕೂತ ಮಕ್ಕಳು. ಬೇಲಿಯೇ ಎದ್ದು ಹೊಲ ಮೇಯುತ್ತದೆಂಬುದು ಎಲ್ಲ ತಾಯಂದಿರಿಗೂ ಗೊತ್ತಿತ್ತು. ಅರ್ಧ ಒಣಗಿದ ಸಂಡಿಗೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಕಚ್ಚಿದರೆ ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆ ಮೂಗಿಗೇರುತ್ತಿತ್ತು. ತಿಂದವರಿಗೆ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಉಪಯೋಗವಿಲ್ಲ.

ಬೇರೆ ಊರುಗಳಲ್ಲಿ ಸಂಡಿಗೆಗೆ ಕಾಗೆಯ ಕಾಟ, ಮಂಗನ ಕಾಟ. ನಮ್ಮಲ್ಲಿ ನವಿಲಿನ ಕಾಟ. ಕೋಟೆಯ ಕಡೆಯಿಂದ ಒಂದು ಗಂಡು ನವಿಲು ದಿನಾ ಬಿಸಿಲೇರುವ ಹೊತ್ತಿಗೆ ನಮ್ಮ ಮಾಳಿಗೆಗೆ ಬಂದು, ಮದುವೆ ಮನೆಗೆ ಬಂದ ಬೀಗರ ಹಾಗೆ ಗತ್ತಿನಿಂದ ಅಡ್ಡಾಡಿ, ತನಗೆ ಬೇಕಾದ ಸಂಡಿಗೆಯನ್ನು ಆರಿಸಿ ತಿನ್ನುತ್ತಿತ್ತು. ಅವ್ವನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಬೆಳಗಿನ ಜಾವ ಎದ್ದು, ಹಿಟ್ಟು ಕುದಿಸಿ, ತೋಳು ಬಿದ್ದುಹೋಗುವಂತೆ ಮುಗುಚಿ, ಅಪ್ಪನ ಹಳೆಯ ಧೋತರದ ಮೇಲೆ ಸಾಲಾಗಿ ಇಟ್ಟ ಸಂಡಿಗೆ ಅದು. ಊರ ಜನ ನವಿಲನ್ನು ಚಂದವೆಂದರೆ ಅವ್ವ ಒಪ್ಪುತ್ತಿರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರ, ಸಂಜೆ ಗುಡಿಯಲ್ಲಿ ಪುರಾಣ ಹೇಳುವವನು. ಆ ವರ್ಷ ಬೇಸಿಗೆ ರಜೆಯಲ್ಲಿ ಅವನು ಕಟ್ಟೆಗೆ ಕೂತು ಓದುವುದನ್ನು ನೋಡಿ ನೋಡಿ ಅವ್ವನಿಗೆ ಒಂದು ವಿಚಾರ ಹೊಳೆಯಿತು. ಇಡೀ ವರ್ಗವನ್ನು ಕಣ್ಣಿನಲ್ಲೇ ಹೆದರಿಸುವ ಮನುಷ್ಯನಿಗೆ ಒಂದು ಪಕ್ಷಿ ಯಾವ ಲೆಕ್ಕ ಎಂದಳು. ಅಪ್ಪ ಪುಸ್ತಕ, ಕೊಡೆ ಹಿಡಿದುಕೊಂಡು ಮಾಳಿಗೆ ಹತ್ತಿದ. ಅವ್ವ ಕೊಟ್ಟ ಬಡಿಗೆಯನ್ನು ನಾನು ಹೊತ್ತೆ.

ಬಡಿಗೆ ಹೊತ್ತದ್ದಷ್ಟೇ ಬಂತು. ಕೃಷ್ಣನ ತಲೆಯ ಮೇಲಿರುವ ಗರಿ ಯಾವ ಪಕ್ಷಿಯದೋ ಅದರ ಮೇಲೆ ಬಡಿಗೆ ಎತ್ತಲು ಅಪ್ಪ ತಯಾರಿರಲಿಲ್ಲ. ನವಿಲು ಬಂದರೆ ಪುಸ್ತಕದಿಂದ ತಲೆ ಎತ್ತಿ, ತಡವಾಗಿ ಬಂದ ವಿದ್ಯಾರ್ಥಿಗೆ ಹೇಳುವಂತೆ, "ಹೋಗಪಾ, ಸಾಕು ಹೋಗು" ಅನ್ನುತ್ತಿದ್ದ. ನವಿಲು ಇನ್ನೂ ನಾಲ್ಕು ತಿಂದು ಹೋಗುತ್ತಿತ್ತು. ನಾನೂ ನಾಲ್ಕು ತಿನ್ನುತ್ತಿದ್ದೆ. ಲೆಕ್ಕವೆಲ್ಲ ನವಿಲಿನ ಮೇಲೇ ಬೀಳುತ್ತಿದ್ದುದರಿಂದ ನನಗೂ ಆ ನವಿಲಿನ ಮೇಲೆ ಪ್ರೀತಿ ಬೆಳೆದಿತ್ತು.

ಹೀಗೆ ಸುಖವಾಗಿ ನಡೆದಿತ್ತು. ಒಂದು ದಿನ ಆಕಾಶದಲ್ಲಿ ಮೋಡ ಕಟ್ಟಿ, ತಂಪು ಗಾಳಿ ಬೀಸಿತು. ನವಿಲು ಧೋತರದ ನಟ್ಟ ನಡುವೆ ನಿಂತು ಗರಿ ಬಿಚ್ಚಿತು. ಎದುರಿನ ಮಾಳಿಗೆಯಲ್ಲಿ ಒಂದು ಹೆಣ್ಣು ನವಿಲಿತ್ತು. ಗಂಡು ಯಾರಿಗಾಗಿ ಗರಿ ಬಿಚ್ಚಿತೆಂಬುದು ನನಗೆ ಕಾಣುತ್ತಿತ್ತು. ಅಪ್ಪ ಮಾತ್ರ ತನಗೇ ಎಂದುಕೊಂಡ. ಎದ್ದ. ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ಗುಡಿಯ ಬಾಗಿಲಲ್ಲಿ ಬಿಡುವಂತೆ ಚಪ್ಪಲಿಯನ್ನು ಜೋಡಿಸಿ ಬಿಟ್ಟ. ಕೈ ಮುಗಿದ. ಗರಿಯ ಚಕ್ರ ಪೂರ್ತಿ ಕಣ್ಣಿಗೆ ತುಂಬಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು ಹೆಜ್ಜೆ ಸರಿದ. ಹಿತ್ತಲ ಕಡೆಗೆ ನಮ್ಮ ಮಾಳಿಗೆಗೆ ಕಟ್ಟೆ ಇರಲಿಲ್ಲ.

ನಾನು ನೋಡುವಷ್ಟರಲ್ಲಿ ನವಿಲಿತ್ತು, ಅಪ್ಪ ಇರಲಿಲ್ಲ.

ಕೆಳಗೆ ಓಡಿದೆ. ಅಪ್ಪನ ಮೈಯೆಲ್ಲ ಪಕ್ಕದ ಮನೆಯ ಬಸಪ್ಪ ಕಾಕಾನ ಮೇವಿನ ರಾಶಿಯ ಮೇಲೆ ಬಿದ್ದು ಬಚಾವಾಗಿತ್ತು. ಬಲಗಾಲು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು, ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅಷ್ಟು ನೋವಿನಲ್ಲೂ ಅಪ್ಪ ನನ್ನನ್ನು ಹತ್ತಿರ ಕರೆದು, "ಓಡಸಲಿಕ್ಕೆ ಹೋಗಿ ಬಿದ್ರು ಅಂತ ಹೇಳು, ಸುಮಿ. ಮತ್ತೇನೂ ಹೇಳಬ್ಯಾಡ" ಅಂದ. ಅಷ್ಟರಲ್ಲಿ ಅವ್ವ ಕೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಳು.

ಬಸಪ್ಪ ಕಾಕಾ ತನ್ನ ಮೂರು ಗಾಲಿಯ ಟಂಟಂ ಗಾಡಿಯಿಂದ ಗೊಬ್ಬರದ ಚೀಲ ಇಳಿಸಿ ಅದರಲ್ಲಿ ಅಪ್ಪನನ್ನು ಮಲಗಿಸಿದ. ಹೈವೇ ಹಿಡಿದು ಹುಬ್ಬಳ್ಳಿಗೆ ಹೋದೆವು. ತೊಡೆಯ ಎಲುಬು ಮುರಿದಿದೆ, ಆಪರೇಶನ್ ಮಾಡಿ ಒಳಗೆ ರಾಡ್ ಹಾಕಬೇಕು ಎಂದರು ಡಾಕ್ಟರು. ಅಪ್ಪನ ತಾಯಿ, ನಮ್ಮ ಅಜ್ಜಿ, ಸಾಯುವವರೆಗೂ ಮಡಿ ಬಿಡದವಳು. ಎಲುಬಿನಷ್ಟೇ ಚಿಂತೆ ಅವಳಿಗೆ ಕಬ್ಬಿಣದ ಬಗ್ಗೆ. ಮೈಯೊಳಗೆ ಕಬ್ಬಿಣ ಇಟ್ಟುಕೊಂಡು ದೇವರ ಪೂಜೆ ಮಾಡಬಹುದೇ? ಡಾಕ್ಟರನ್ನೇ ಕೇಳಿದಳು. ಅವರು ಅದು ಕಬ್ಬಿಣವಲ್ಲ, ಸ್ಟೀಲ್ ಎಂದರು. ಅಜ್ಜಿಗೆ ಸಮಾಧಾನವಾಯಿತು. "ಸ್ಟೀಲ್ ಆದ್ರ ನಡೀತದ. ಊಟದ ತಾಟೂ ಸ್ಟೀಲಿಂದೇ ಅದ."

ಆಪರೇಶನ್ನಿಗೆ ಮೊದಲು ಏನೂ ತಿನ್ನಬಾರದು ಎಂದು ನರ್ಸಮ್ಮ ಹೇಳಿದಾಗ ಅಪ್ಪ, ಏಕಾದಶಿ ಮಾಡಿ ರೂಢಿ ಇದೆ ಎಂದು ನಕ್ಕ. ಆದರೆ ಅವನನ್ನು ಗಾಲಿಮಂಚದ ಮೇಲೆ ಒಳಗೆ ಒಯ್ದು ಬಾಗಿಲು ಹಾಕಿಕೊಂಡಾಗ ನನಗೆ ನಗೆ ಬರಲಿಲ್ಲ. ಅಪ್ಪ ತಿರುಗಿ ಬರದಿದ್ದರೆ ಎಂದು ಹೆದರಿ ಆ ಬಾಗಿಲಿಗೇ ಅಂಟಿಕೊಂಡು ನಿಂತೆ. ಅವ್ವ ಅಪ್ಪನ ಚಸ್ಮಾ ಕೈಯಲ್ಲಿ ಹಿಡಿದು ಸೆರಗಿನಿಂದ ಒರೆಸುತ್ತಲೇ ಇದ್ದಳು. ಒಳಗಿನಿಂದ ಅಪ್ಪ ಬರುವವರೆಗೂ ಆ ಗಾಜು ಅವಳ ಪಾಲಿಗೆ ಸ್ವಚ್ಛವಾಗಲೇ ಇಲ್ಲ. ಅವತ್ತೇ ಅವಳು, ಇನ್ನು ತನ್ನ ಮನೆಯಲ್ಲಿ ಸಂಡಿಗೆ ಮಾಡುವುದಿಲ್ಲ, ಆ ಮಾಳಿಗೆ ಹತ್ತುವುದಿಲ್ಲ ಎಂದು ಅಜ್ಜಿಯ ಮುಂದೆ ಆಣೆ ಮಾಡಿದ್ದು.

ಅಪ್ಪ ವಾಕರ್ ಹಿಡಿದು ಮನೆಗೆ ಬಂದ ಮೇಲೆ ಮಾತನಾಡಿಸಲು ಬರುವವರ ಸಾಲು ಹತ್ತಿತು. ಶಿಗ್ಗಾಂವಿಯ ನೆಂಟರು, ಸವಣೂರಿನ ಹಳೆಯ ವಿದ್ಯಾರ್ಥಿಗಳು, ಗುಡಿಯಲ್ಲಿ ಪುರಾಣ ಕೇಳುವವರು. ಎಲ್ಲರ ಕೈಯಲ್ಲೂ ಬಿಸ್ಕೀಟಿನ ಪೊಟ್ಟಣ, ಬಾಯಲ್ಲಿ ತಮಗೆ ಗೊತ್ತಿದ್ದ ಯಾರದೋ ಕಾಲು ಮುರಿದ ಕಥೆ. ಆ ಕಥೆಗಳಲ್ಲಿ ಒಬ್ಬನ ಕಾಲೂ ನೆಟ್ಟಗೆ ಕೂಡಿದ್ದಿಲ್ಲ. ಬಂದವರಿಗೆ ಬರೀ ಚಹಾ ಕೊಡಲಾದೀತೇ? ಬಿದ್ದ ದಿನ ಸಂಜೆ ಹುಬ್ಬಳ್ಳಿಯಿಂದ ತಿರುಗಿ ಬಂದ ಬಸಪ್ಪ ಕಾಕಾ ಮಳೆ ಬರುವುದರೊಳಗೆ ಧೋತರದ ನಾಲ್ಕು ಮೂಲೆ ಗಂಟು ಕಟ್ಟಿ ಕೆಳಗಿಳಿಸಿದ ಸಂಡಿಗೆ ಡಬ್ಬಿಯಲ್ಲಿತ್ತು. ಅವ್ವ ಅದನ್ನೇ ಕರಿದು ಕೊಡುತ್ತಿದ್ದಳು. ಬಂದವರು ಕುರುಂಕುರುಂ ತಿನ್ನುತ್ತ, ಹೆಂಗ ಬಿದ್ರಿ ಎಂದು ಕೇಳುತ್ತಿದ್ದರು.

ಪುರಾಣ ಹೇಳುವ ನಾಲಿಗೆ ಸುಮ್ಮನಿರುತ್ತದೆಯೇ? ಮೊದಲ ವಾರ ಅಪ್ಪ ಬಡಿಗೆ ಎತ್ತಿದ್ದ, ಕಾಲು ಜಾರಿತ್ತು. ಮುಂದಿನ ವಾರ ನವಿಲು ಮುಖಕ್ಕೇ ಹಾರಿ ಬಂತು. ಆಮೇಲೆ ಅದರ ಬೆನ್ನಿಗೆ ಇನ್ನೊಂದು ಬಂತು. ದಿನಾ ಬಂದು ಕೂಡುವ ಬಸಪ್ಪ ಕಾಕಾ ಒಮ್ಮೆ ಸಂಡಿಗೆ ಮುರಿಯುತ್ತ, "ಮಾಸ್ತರ್ರ, ಮೊನ್ನಿ ತನಾ ಒಂದ ನವಲ ಇತ್ತಲ್ರಿ" ಅಂದ. ಅಪ್ಪ ನೋವು ಬಂದಂತೆ ಕಣ್ಣು ಮುಚ್ಚಿದ.

ಅಪ್ಪನ ಕಥೆ ಬೆಳೆದಂತೆಲ್ಲ ಅವ್ವ ಇಳಿಯುತ್ತ ಹೋದಳು. ಇಷ್ಟು ದೊಡ್ಡ ಯುದ್ಧಕ್ಕೆ ಗಂಡನನ್ನು ಕಳಿಸಿದವಳು ತಾನೇ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪನ ಜೊತೆ ಜಗಳ ಬಿಟ್ಟಳು. ನನಗದು ಎಲ್ಲಕ್ಕಿಂತ ದೊಡ್ಡ ಅಪಶಕುನವಾಗಿ ಕಂಡಿತು. ಊಟವೂ ಅರ್ಧಕ್ಕಿಳಿಯಿತು. ಅಪ್ಪ ವಾಕರ್ ಊರಿದಾಗ ಬರುವ ಟಕ್ ಸದ್ದಿಗೆ ಪ್ರತಿಸಲ ಅವಳ ಮುಖ ಮುದುಡುತ್ತಿತ್ತು.

ಜೂನಿನಲ್ಲಿ ಮಿರಗದ ಮಳೆ ಹಿಡಿದ ಮೇಲೆ ಒಂದು ಸಂಜೆ ಹೆಡ್ ಮಾಸ್ತರರು ಬಂದರು. ಬಸಪ್ಪ ಕಾಕಾ ಇದ್ದೇ ಇದ್ದ. ಡಬ್ಬಿಯ ತಳದ ಸಂಡಿಗೆ ಕರಿದು ತಂದಿಟ್ಟ ಅವ್ವ, ಹೆಡ್ ಮಾಸ್ತರರು ಕಾಲಿನ ಬಗ್ಗೆ ಕೇಳಿದ್ದೇ ತಡ, ನಿಂತಲ್ಲೇ ಅತ್ತುಬಿಟ್ಟಳು.

"ನಾನೇ ಇವರ ಕಾಲ ಮುರದೆ ನೋಡ್ರಿ ಸರ್. ಹಿಡಿ ಸಂಡಿಗಿ ಆಶೆಗೆ ಬಿದ್ದು ಮ್ಯಾಲೆ ಕಳಿಸಿದೆ."

ಅಪ್ಪನ ಕಥೆ ಅಲ್ಲಿಗೆ ನಿಂತಿತು. ಹೆಡ್ ಮಾಸ್ತರರ ಕಡೆ ನೋಡಿದ, ಬಸಪ್ಪ ಕಾಕಾನ ಕಡೆ ನೋಡಿದ. ಊರಲ್ಲಿ ತನಗಿದ್ದ ಮರ್ಯಾದೆಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡನೆಂದು ಈಗ ಅನ್ನಿಸುತ್ತದೆ.

"ನಿಂದೇನೂ ತಪ್ಪಿಲ್ಲ. ನಾ ಅದನ್ನ ಓಡಸಲಿಕ್ಕೇ ಹೋಗಿದ್ದಿಲ್ಲ. ಗರಿ ಬಿಚ್ಚಿತ್ತು, ಕೈ ಮುಗದು ನಿಂತಿದ್ದೆ. ಪೂರ್ತಿ ಕಾಣಲಿ ಅಂತ ಹಿಂದ ಸರದೆ."

ಬಸಪ್ಪ ಕಾಕಾ ಅಗಿಯುವುದನ್ನು ನಿಲ್ಲಿಸಿದ. ಆದರೆ ಅವ್ವ ನಂಬಲಿಲ್ಲ. ತನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡಿರೆಂದು ಇನ್ನೂ ಅತ್ತಳು. ಅಪ್ಪ ನನ್ನನ್ನು ಸಾಕ್ಷಿಗೆ ಕರೆದ. ನಾನು ಹೌದೆಂದೆ. ಮಗುವಿಗೂ ಹೇಳಿಕೊಟ್ಟಿದ್ದೀರಿ ಎಂದಳು. ಎರಡು ನವಿಲು ಹಾರಿ ಬಂದದ್ದನ್ನು ನಂಬಿದ ಹೆಂಗಸು ಕೈ ಮುಗಿದದ್ದನ್ನು ನಂಬಲೊಲ್ಲಳು. ಕಡೆಗೆ ಅಪ್ಪನಿಗೆ ನೆನಪಾಯಿತು.

"ಮ್ಯಾಲೆ ಹೋಗಿ ನೋಡು. ನನ್ನ ಚಪ್ಪಲ್ ಅಲ್ಲೇ ಇರಬೇಕು."

ಆ ಚಪ್ಪಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಳೆಯಿತೆಂದೇ ಮನೆಯವರೆಲ್ಲ ತಿಳಿದಿದ್ದರು; ಬಿಟ್ಟದ್ದನ್ನು ಕಂಡಿದ್ದ ನನಗೂ ಆ ಗಾಬರಿಯಲ್ಲಿ ಅದು ಮರೆತೇಹೋಗಿತ್ತು. ಅವ್ವ ಕಣ್ಣೊರೆಸಿಕೊಂಡು, ಆಣೆ ಮರೆತು ಮಾಳಿಗೆಯ ಮೆಟ್ಟಿಲು ಹತ್ತಿದಳು. ನಾನು ಬೆನ್ನಿಗೆ ಹೋದೆ. ಜಿನುಗು ಮಳೆಯಲ್ಲಿ ಎರಡೂ ಚಪ್ಪಲಿ ಪಕ್ಕಪಕ್ಕ ಕೂತಿದ್ದವು. ಬಿಸಿಲಿಗೆ ಸೆಟೆದು, ಮಳೆಗೆ ಉಬ್ಬಿದ್ದರೂ ಸಾಲು ತಪ್ಪಿರಲಿಲ್ಲ. ನವಿಲನ್ನು ಅಟ್ಟಿಸಿಕೊಂಡು ಹೋಗುವವನು ಹೀಗೆ ಜೋಡಿಸಿ ಚಪ್ಪಲಿ ಬಿಡುವುದಿಲ್ಲ. ಅವ್ವ ತುಸು ಹೊತ್ತು ನೋಡಿದಳು. ಅವಳ ಭುಜ ಅಲುಗತೊಡಗಿತು. ಮತ್ತೆ ಅಳುತ್ತಿದ್ದಾಳೆಂದು ನಾನು ಸೆರಗು ಹಿಡಿದೆ. ಅವಳು ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದಳು.

ಕೆಳಗೆ ಬಂದು ಚಪ್ಪಲಿಯನ್ನು ಅಪ್ಪನ ಎದುರು, ಹೆಡ್ ಮಾಸ್ತರರ ಮುಂದೆಯೇ, ಹಾಗೇ ಜೋಡಿಸಿಟ್ಟಳು. ವಾರಗಟ್ಟಲೆ ಬಿಟ್ಟಿದ್ದ ಜಗಳದ ದನಿ ವಾಪಸ್ಸು ಬಂದಿತ್ತು.

"ಲಗ್ನಾಗಿ ಇಷ್ಟು ವರ್ಷ ಆತು. ನನ್ನ ನೋಡಲಿಕ್ಕೆ ಒಂದು ಹೆಜ್ಜಿ ಹಿಂದ ಸರದಿದ್ದಿಲ್ಲ ನೀವು."

ಅಪ್ಪ ತಲೆ ತಗ್ಗಿಸಿದ. ಅವತ್ತು ರಾತ್ರಿ ಅವ್ವ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮುಂದಿನ ಬೇಸಿಗೆಗೆ ಮಾಳಿಗೆಯ ಸುತ್ತ ಎದೆಮಟ್ಟದ ಕಟ್ಟೆ ಎದ್ದಿತು. ಸಂಡಿಗೆಯೂ ಆಯಿತು. ಅವ್ವ ಕಾವಲಿಗೆ ತಾನೇ ಕೂತಳು. ನವಿಲಿಗೆ ಬೈಯುತ್ತ ಬೈಯುತ್ತ ಒಂದು ಮೂಲೆಯಲ್ಲಿ ಅದಕ್ಕೆಂದೇ ನಾಲ್ಕು ಬೇರೆ ಇಡುತ್ತಿದ್ದಳು.

ಈಗ ನಮ್ಮ ಮನೆಯಲ್ಲಿ ಸಂಡಿಗೆ ಅಂಗಡಿಯಿಂದ ಪಾಕೀಟಿನಲ್ಲಿ ಬರುತ್ತದೆ. ಎಲ್ಲ ಒಂದೇ ಅಳತೆ, ಯಾವುದಕ್ಕೂ ಧೋತರದ ನೂಲು ಅಂಟಿರುವುದಿಲ್ಲ. ಅರ್ಧ ಒಣಗಿದ್ದು ಬೇಕೆಂದರೆ ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ. ಅಜ್ಜಿ ಹೋದಳು, ಮೊನ್ನೆ ಮೊನ್ನೆ ಅವ್ವನೂ ಹೋದಳು. ಅಪ್ಪ ಹಾನಗಲ್ಲಿನಲ್ಲಿ ನನ್ನ ಜೊತೆ ಇದ್ದಾನೆ. ದಿನಾ ಪೂಜೆ ಮುಗಿಸಿ, ಕೋಲು ಊರಿಕೊಂಡು ನಡುಮನೆಗೆ ಬರುತ್ತಾನೆ. ಕಾಲಿನ ನೋವಿಗೆಂದು ಮನೆಯೊಳಗೂ ಹಾಕುವ ಚಪ್ಪಲಿಯನ್ನು ಜೋಡಿಸಿ ಬಿಟ್ಟು ಅವ್ವನ ಫೋಟೋದ ಮುಂದೆ ನಿಲ್ಲುತ್ತಾನೆ. ನಿಂತು ನೋಡಿ, ನಿಧಾನ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ನಾನು ಒಲೆ ಸಣ್ಣ ಮಾಡಿ ಬಂದು ಅವನ ಬೆನ್ನ ಹಿಂದೆ ನಿಂತಿರುತ್ತೇನೆ.