ಚೆನ್ನಯ್ಯನ ಕೆಂಪು ಬೊಟ್ಟು

ಊಟಿ ಹತ್ತಿರದ ಕೆತ್ತಿ ಊರಿನ ಚೆನ್ನಯ್ಯ ತನ್ನ ನೆರಳನ್ನೂ ನಂಬದ ಮನುಷ್ಯ. ಮೈಸೂರು ಕಡೆಯಿಂದ ಬಂದು ಕ್ಯಾರೆಟ್ ವ್ಯಾಪಾರದಲ್ಲಿ ನೆಲೆ ನಿಂತವನು. ಮಂಡಿಗೆ ಹೋಗುವ ಮೂಟೆಗಳ ಮೇಲೆ ನಾವು ವ್ಯಾಪಾರಿಗಳೆಲ್ಲ ಬಣ್ಣದ ಗುರುತು ಹಾಕುತ್ತೇವೆ. ಅವನು ಮೂಟೆಯ ಬಾಯೊಳಗೂ ಒಂದು ಕೆಂಪು ಬೊಟ್ಟು ಇಡುತ್ತಿದ್ದ. ಹೊರಗಿನ ಗುರುತನ್ನು ಕಳ್ಳ ಅಳಿಸಬಹುದು, ಒಳಗಿನದು ಅವನಿಗೆ ಗೊತ್ತಾಗುವುದಿಲ್ಲ ಎನ್ನುವುದು ಚೆನ್ನಯ್ಯನ ವಾದ. ಈ ಬುದ್ಧಿ ಮೂಟೆಗೇ ಮುಗಿದಿದ್ದರೆ ಚೆನ್ನಾಗಿತ್ತು.

ಎರಡು ಸಾವಿರದ ಎಂಟರಲ್ಲಿ ಅವನೊಂದು ಹಳೆಯ ಕಾರು ಕೊಂಡ. ಹೆಂಡತಿ ಲಿಂಗಮ್ಮನಿಗೆ ಅದರಲ್ಲಿ ಸಿಡಿ ಹಾಕುವ ಸೆಟ್ ಬೇಕಿತ್ತು. ಆದರೆ ದೀಪ ಆರಿಸದೆ ಬಾಗಿಲು ತೆರೆದರೆ ಎಚ್ಚರಿಸುವ ಬೀಪ್ ಸದ್ದು ಕಂಪನಿಯ ಸ್ಟೀರಿಯೋದ ಮೂಲಕವೇ ಬರುತ್ತಿತ್ತು; ಅದನ್ನು ತೆಗೆದರೆ ಸದ್ದೂ ಹೋಗುತ್ತಿತ್ತು. ಮಂಜಿನಲ್ಲಿ ಹಾಡುಹಗಲೇ ದೀಪ ಹಚ್ಚಿಕೊಂಡು ಓಡಾಡುವ ನಮಗೆ ಆ ಸದ್ದಿಲ್ಲದಿದ್ದರೆ ಬ್ಯಾಟರಿ ಉಳಿಯುವುದಿಲ್ಲ.

ಊಟಿ ಮಾರ್ಕೆಟ್ ಹಿಂದೆ ಅಂಗಡಿಯಿದ್ದ ಗಿರಿಧರನ್ ಹೊಸ ಸೆಟ್ ಕೂರಿಸಿ, ಬೀಪ್‌ಗೆಂದೇ ಒಂದು ಪುಟ್ಟ ಪೆಟ್ಟಿಗೆಯನ್ನು ಹಳೆಯ ಪ್ಲಗ್ಗಿಗೆ ಜೋಡಿಸಿದ. ಬಾಗಿಲು ತೆರೆದು ಸದ್ದನ್ನೂ ಕೇಳಿಸಿದ. ಅಷ್ಟೂ ಹೊತ್ತು ಚೆನ್ನಯ್ಯ ಎದುರಿಗೆ ಸ್ಟೂಲ್ ಹಾಕಿಕೊಂಡು ಅವನ ಬೆರಳುಗಳನ್ನೇ ಕಾಯುತ್ತಿದ್ದ. ಗಿರಿಧರನ್ ಕೈ ತೊಳೆಯಲು ಹೋದಾಗ ಅನುಮಾನ ತಲೆಯೆತ್ತಿತು. ಈಗ ಒಳ್ಳೆಯದನ್ನು ತೋರಿಸಿ, ಮುಚ್ಚುವಾಗ ಡೂಪ್ಲಿಕೇಟ್ ಇಟ್ಟರೆ? ಡಿಕ್ಕಿಯಲ್ಲಿದ್ದ ಬಣ್ಣದ ಡಬ್ಬಿ ತಂದು, ಪೆಟ್ಟಿಗೆಯ ಪ್ಲಗ್ ಕಿತ್ತು, ಒಳಗೊಂದು ಬೊಟ್ಟಿಟ್ಟು ಮತ್ತೆ ಸಿಕ್ಕಿಸಿದ. ಏನೂ ಅರಿಯದ ಗಿರಿಧರನ್ ಬಂದು ಎಲ್ಲ ಮುಚ್ಚಿದ.

ಮರುದಿನ ಬೀಪ್ ಕೂಗಲಿಲ್ಲ. ಮನೆ ಮುಂದೆ ದೀಪ ಉರಿದೂ ಉರಿದೂ ಬ್ಯಾಟರಿ ಸತ್ತಿತು. ಚೆನ್ನಯ್ಯ ತನ್ನ ಬೊಟ್ಟು ಇದೆಯೇ ಎಂದು ಬಿಚ್ಚಿ ನೋಡದೆಯೇ ಬಸ್ಸು ಹತ್ತಿ ಬಂದು, ಗಿರಿಧರನ್ ಪೆಟ್ಟಿಗೆ ಬದಲಾಯಿಸಿದ ಕಳ್ಳನೆಂದು ಮಾರ್ಕೆಟ್ಟಿನಲ್ಲೆಲ್ಲ ಸಾರಿದ. ವ್ಯಾಪಾರಿಗಳ ಗಾಡಿಗಳಿಂದಲೇ ಬದುಕುತ್ತಿದ್ದ ಆ ಅಂಗಡಿಯ ಮುಂದೆ ಗಾಡಿ ನಿಲ್ಲುವುದೇ ತಪ್ಪಿತು.

ಕೊನೆಗೆ ಗಿರಿಧರನ್ ತಾನೇ ಕೆತ್ತಿಗೆ ಹೋಗಿ, ಗಂಡ ಹೆಂಡತಿ ಇಬ್ಬರ ಎದುರಿಗೇ ಪ್ಲಗ್ ಕಿತ್ತು ತೋರಿಸಿದ. ತಂತಿ ಕೂಡುವ ಪಿನ್ನುಗಳ ಮೇಲೆ ಕೆಂಪು ಬಣ್ಣ ಗಟ್ಟಿಯಾಗಿ ಒಣಗಿತ್ತು.

"ಅಣ್ಣಾ, ಇದು ಯಾರ ಗುರ್ತು?"

ಚೆನ್ನಯ್ಯ ಉಗುರಿನಿಂದ ಬಣ್ಣ ಕೆರೆಯತೊಡಗಿದ. ಲಿಂಗಮ್ಮ ಗಂಡನ ಮುಂದೆ ಹಣೆ ಒಡ್ಡಿದಳು. "ನಂಗೂ ಒಂದ್ ಬೊಟ್ಟು ಇಟ್ಬಿಡಿ. ಯಾರಾದ್ರೂ ಬದ್ಲಾಯ್ಸಿಬಿಟ್ಟಾರು."

ಬಣ್ಣ ಕೆರೆದ ಮೇಲೆ ಬೀಪ್ ಕೂಗಿತು. ಚೆನ್ನಯ್ಯನಿಗೆ ನಿಜವಾಗಿ ನಾಚಿಕೆಯಾಗಿತ್ತು. ಮಾರ್ಕೆಟ್ಟಿಗೆ ಬಂದು, ತಪ್ಪು ತನ್ನದೇ ಎಂದು ಒಬ್ಬೊಬ್ಬರ ಹತ್ತಿರವೂ ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿ ಮುಚ್ಚಿಸಲು ಗಿರಿಧರನ್ ಏನು ಕೊಟ್ಟನೆಂದು ಅವರು ತಿರುಗಿ ಕೇಳಿದರು. ಚೆನ್ನಯ್ಯ ನಂಜುಂಡೇಶ್ವರನ ಮೇಲೆ ಆಣೆ ಇಟ್ಟ ಮೇಲಂತೂ ಅನುಮಾನ ಇನ್ನೂ ಬಲವಾಯಿತು.

ಬೇರೆ ದಾರಿ ಕಾಣದೆ ಚೆನ್ನಯ್ಯ ಆ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿ, ದೀಪ ಹಚ್ಚಿ, ಬಾಗಿಲು ತೆರೆದು ಕೂರತೊಡಗಿದ. ಊರೆಲ್ಲ ಕೇಳಲಿ ಎಂದು ಬೀಪ್ ಕೂಗುತ್ತಲೇ ಇರುತ್ತಿತ್ತು. ಹಾದು ಹೋಗುವ ವ್ಯಾಪಾರಿಗಳು ತಲೆಯಾಡಿಸುತ್ತಿದ್ದರು.

"ಪಾಪ, ಚೆನ್ನಯ್ಯನ ಕಾರು ಇನ್ನೂ ರಿಪೇರಿ ಆಗಿಲ್ಲ ನೋಡು."