ಎರಡು ಪಟ್ಟಿಗಳಲ್ಲಿದ್ದ ಹೆಸರು

ಪುಣೆಗೆ ಬಂದ ಮರುದಿನವೇ ಹಾಲು ತರಲು ಹೊರಟ ನನ್ನನ್ನು ಬಂದೂಕು ಹಿಡಿದ ಸಿಪಾಯಿಯೊಬ್ಬ ತಡೆದು ನಿಲ್ಲಿಸಿದ. ಗದಗಿನಲ್ಲಿ ಹಾಲಿನ ದಾರಿಗೆ ಎಮ್ಮೆ ಅಡ್ಡ ಬಂದದ್ದುಂಟು, ಸೈನ್ಯ ಬಂದದ್ದಿಲ್ಲ. ತಂಬಿಗೆ ಎತ್ತಿ ತೋರಿಸಿದೆ. ಅವನು ನಗದೆ ಬೇರೆ ದಾರಿ ತೋರಿಸಿದ. ಅದು ತೊಂಬತ್ತರ ದಶಕದ ಆರಂಭ. ನಮ್ಮ ಯಜಮಾನರಿಗೆ ಮಿಲಿಟರಿ ಕಚೇರಿಯಲ್ಲಿ ಗುಮಾಸ್ತಿಕೆ, ಕಂಟೋನ್ಮೆಂಟ್ ಎನ್ನುವ ದಂಡಿನ ಬಜಾರಿನ ಓಣಿಯಲ್ಲಿ ಎರಡು ಕೋಣೆಯ ಮನೆ.

ಶಿವಾಜಿನಗರದ ಕಾಲೇಜೊಂದರಲ್ಲಿ ನನಗೆ ಅರ್ಥಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಮನೆಗೆ ಬಂದರೆ, ನಮ್ಮ ಓಣಿಯ ನಳಕ್ಕೆ ದಿನಕ್ಕೆ ಒಂದೇ ತಾಸು ನೀರು. ರಸ್ತೆಯಾಚೆ ಸಾಹೇಬರ ಬಂಗಲೆಗಳ ಹುಲ್ಲಿಗೆ ಸಂಜೆಯೂ ನೀರು. ಗದಗಿನವಳಿಗೆ ನೀರಿನ ಬರ ಹೊಸದಲ್ಲ, ಆದರೆ ಅಲ್ಲಿ ಬರ ಎಲ್ಲರಿಗೂ ಒಂದೇ ಆಗಿತ್ತು. ಇಲ್ಲಿನದು ಸಿಟ್ಟು ತರಿಸಿತು. ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಯಾವ ಮನೆಗೆ ಎಷ್ಟು ಕೊಡ ಎಂದು ಬರೆದೆ. ಆ ಕಾಗದ ಹಿಡಿದು ದಂಡು ಮಂಡಳಿಗೆ, ಅಂದರೆ ಈ ಭಾಗದ ನಗರಸಭೆಗೆ, ವರ್ಷಗಟ್ಟಲೆ ಅಲೆದೆ. ಅರ್ಜಿ ತೆಗೆದುಕೊಳ್ಳುತ್ತಿದ್ದರು, ಕುರ್ಚಿ ಕೊಡುತ್ತಿರಲಿಲ್ಲ.

ಮಂಡಳಿಗೆ ಚುನಾವಣೆ ಬಂದಾಗ ಎದುರುಮನೆಯ ಸಖು ಮಾವಶಿ ನಳದ ಮುಂದೆಯೇ ತೀರ್ಪು ಕೊಟ್ಟಳು. ಮಾವಶಿ ಎಂದರೆ ಚಿಕ್ಕಮ್ಮ.

"ಮ್ಯಾಡಮ್, ತುಮ್ಹೀಚ್ ಉಭ್ಯಾ ರಹಾ." ನೀವೇ ನಿಲ್ಲಿ ಅಂತ.

ಕೊಡ ಹಿಡಿದ ಹೆಂಗಸರೆಲ್ಲ ಹೌದೆಂದರು. ನನಗೆ ಹೆಮ್ಮೆ ಉಕ್ಕಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ ಅಂದೇ ಮನಸ್ಸಿನಲ್ಲಿ ಗೆಲುವಿನ ಭಾಷಣ ಬರೆದೆ.

ಅಷ್ಟರಲ್ಲಿ ಎದುರಾಳಿ ತಕರಾರು ತೆಗೆದ: ಈಕೆಯ ಹೆಸರು ಕರ್ನಾಟಕದ ಮತದಾರರ ಪಟ್ಟಿಯಲ್ಲೂ ಇದೆ, ಇಲ್ಲಿಯದನ್ನು ತೆಗೆಯಿರಿ. ನಿಜವೇ ಆಗಿತ್ತು. ಪುಣೆಯ ಕನ್ನಡಿಗರಲ್ಲಿ ಇದು ಮನೆಮನೆಯ ತಪ್ಪು. ಇಲ್ಲೂ ಇರಲಿ, ಊರಲ್ಲೂ ಇರಲಿ ಎನ್ನುತ್ತೇವೆ; ಕಾನೂನು ಒಪ್ಪುವುದಿಲ್ಲ. ಊರಿನ ಪಟ್ಟಿಯಿಂದ ಹೆಸರು ತೆಗೆಸಿದ ಪತ್ರ ನಾಲ್ಕು ದಿನದಲ್ಲಿ ತರದಿದ್ದರೆ ನಾನು ನಿಲ್ಲುವಂತಿರಲಿಲ್ಲ.

ಗದಗಿಗೆ ಓಡಿದೆ. ಅಲ್ಲಿ ನಮ್ಮ ಓಣಿಯ ಮತದಾರರ ಪಟ್ಟಿ ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣನೇ, ಕನ್ನಡ ಶಾಲೆಯ ಮಾಸ್ತರ.

"ನೀ ಹೊಳ್ಳಿ ಬಂದ್ರ ಇರ್ಲಿ ಅಂತ ಇಟ್ಟಿದ್ದೆ," ಎಂದ. ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದ. "ಈ ಮನ್ಯಾಗ ಹುಟ್ಟಿದಾಕಿ ಹೆಸರು ನನ್ನ ಕೈಲೆ ತಗೀಬೇಕೇನವಾ?"

"ಅಲ್ಲಿ ಹೆಂಗಸ್ರು ಕೊಡ ಹಿಡ್ಕೊಂಡು ನಿಂತಾರಣ್ಣಾ."

ಅಣ್ಣ ಸ್ಕೇಲು ಇಟ್ಟು ನೇರ ಗೆರೆ ಎಳೆದ. ಪತ್ರಕ್ಕೆ ತಹಶೀಲ್ದಾರರ ಸಹಿಯನ್ನೂ ಅವನೇ ನಿಂತು ಹಾಕಿಸಿಕೊಟ್ಟ.

ಗೆದ್ದೆ. ಮೊದಲ ಸಭೆಯಲ್ಲಿ ಅಧ್ಯಕ್ಷರಾದ ಬ್ರಿಗೇಡಿಯರ್ ಸಮವಸ್ತ್ರದಲ್ಲೇ ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಕೊಡಗಳ ಕಾಗದ ಬಿಚ್ಚಿದೆ. ಮುಂದಿನ ಬೇಸಿಗೆಗೆ ನಮ್ಮ ಓಣಿಗೂ ಸಂಜೆ ನೀರು ಬಂತು; ಮಾವಶಿ ಮೊದಲ ಕೊಡವನ್ನು ನನ್ನ ಹೊಸ್ತಿಲಿಗೆ ಸುರಿದಳು. ದಂಡು ಮಂಡಳಿ ರಕ್ಷಣಾ ಇಲಾಖೆಗೆ ಸೇರಿದ್ದು. ಅಂದಿನಿಂದ ಅಣ್ಣ ಫೋನ್ ಎತ್ತಿದರೆ, "ಏನ್ರಿ ರಕ್ಷಣಾ ಮಂತ್ರಿಗಳ, ಆರಾಮ?" ಎನ್ನುತ್ತಾನೆ. ಆ ಗೇಲಿ ನನಗೆ ಭಾರಿ ಇಷ್ಟ.

ಮೊನ್ನೆ ಕರ್ನಾಟಕದ ಚುನಾವಣೆಯ ದಿನ ಗದಗಿನಲ್ಲಿದ್ದೆ. ಮನೆಯವರೆಲ್ಲ ಮತ ಹಾಕಲು ಹೊರಟರು. ನಾನೂ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದೆ. ಅಣ್ಣ ಬಾಗಿಲಲ್ಲೇ ನಿಂತ.

"ನೀ ಮನ್ಯಾಗ ಇರವಾ," ಎಂದ ಮೆಲ್ಲಗೆ.

ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅವರು ಮರಳುವವರೆಗೆ, ಹುಟ್ಟಿದ ಮನೆಯನ್ನು ಅತಿಥಿಯ ಹಾಗೆ ಕಾಯುತ್ತ ಕೂತೆ.