ಹೊಳೆದಂಡೆ ಬೀದಿಯಲ್ಲಿ ಬರೆದುಕೊಂಡ ಹೆಸರುಗಳು

ಸಕಲೇಶಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಊರೊಳಗೇ ನಡೆಯುವ ರೂಢಿ ಮಾಡಿಕೊಂಡಿದ್ದೆವು. ಯೋಚನೆ ನನ್ನದೇ. ಆಲೂರಿನಿಂದ ವರ್ಗವಾಗಿ ಬಂದು ಆರು ವರ್ಷವಾಗಿದ್ದರೂ ಮನೆ, ಶಾಲೆ, ಬಸ್‌ಸ್ಟ್ಯಾಂಡು ಬಿಟ್ಟರೆ ನನಗೆ ಊರು ಗೊತ್ತಿರಲಿಲ್ಲ. ದಾರಿ ತೋರಿಸುತ್ತಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಗೆ ಹಿಂಬಾಗಿಲಲ್ಲಿ ಹೋಗಿ ಕೂಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಯಾರು ಬೇಕಾದರೂ ಜೊತೆಗೆ ಬರಬಹುದಿತ್ತು. ಬೆಳಗೋಡಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಮೊದಲ ಬಸ್ಸು ಹಿಡಿದು ಬರುತ್ತಿದ್ದರು. ಕೇಳಿದ್ದನ್ನು ಮಕ್ಕಳಿಗೆ ಹೇಳೋಣವೆಂದು ನಾನು ನೋಟ್‌ಬುಕ್ ಹಿಡಿದಿರುತ್ತಿದ್ದೆ.

ಒಂದು ಬೇಸಿಗೆಯ ಬೆಳಿಗ್ಗೆ ಹೇಮಾವತಿಯ ಸೇತುವೆ ಪಕ್ಕದಿಂದ ಕೆಳಗಿಳಿದು ಹೊಳೆದಂಡೆಯ ಬೀದಿಗೆ ಹೋದೆವು. ಶೀಟಿನ ಮಾಡಿನ ಇಪ್ಪತ್ತು ಮನೆಗಳಿದ್ದಾವು. "ಮಳೆಗಾಲದಲ್ಲಿ ಪ್ಯಾಂಟು ಮಡಚ್ಕಂಡೇ ಕಾಗದ ಕೊಡ್ತಿದ್ದೆ" ಎಂದರು ಪೋಸ್ಟ್‌ಮ್ಯಾನ್. ಬರೆದುಕೊಂಡೆ. ಬಾಗಿಲಲ್ಲಿ ಪಾತ್ರೆ ಉಜ್ಜುತ್ತಿದ್ದ ಹೆಂಗಸು ಅದನ್ನು ನೋಡಿ ಎದ್ದು ನಿಂತಳು.

"ಬಂದ್ರಾ? ಸೈಟ್ ಕೊಡಕ್ಕೆ ಹೆಸ್ರು ಬರ್ಕಳಕ್ಕೆ ಬತ್ತಾರೆ ಅಂದಿದ್ರು."

"ಇಲ್ಲಮ್ಮ, ನಾವು ಸರ್ಕಾರದವರಲ್ಲ. ಸುಮ್ಮನೆ ಊರು ನೋಡ್ಕೊಂಡು ಹೋಗ್ತಿದೀವಿ" ಎಂದೆ.

"ನಮ್ ಬೀದೀಲಿ ನೋಡಕ್ಕೇನೈತೆ?"

ಅವಳು ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದಳು. ನಾನು ನೋಟ್‌ಬುಕ್ ಮುಚ್ಚಿದೆ. ಅಷ್ಟರಲ್ಲಿ ಅವಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ರೇಷನ್ ಕಾರ್ಡ್ ತಂದಳು. ಅಕ್ಕಪಕ್ಕದವರೂ ತಂದರು. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇತ್ತು. "ಹೋದ್ ವರ್ಷ ಇಷ್ಟ್ ಗಂಟ ನೀರು" ಎಂದು ಕೈಯಿಟ್ಟು ತೋರಿಸಿದಳು. ಯಾರೋ ನನಗೊಂದು ಕುರ್ಚಿ ಹಾಕಿದರು.

"ಬರ್ಕಳಿ ಮೇಡಂ" ಎಂದರು ಪೋಸ್ಟ್‌ಮ್ಯಾನ್ ಮೆಲ್ಲಗೆ. "ಸಮಾಧಾನ ಆಯ್ತದೆ."

ಬರೆಯಬಾರದಿತ್ತು. ಬರೆದೆ. ಒಬ್ಬೊಬ್ಬರೂ ತಂದೆಯ ಹೆಸರು ಸೇರಿಸಿ ನಿಧಾನವಾಗಿ ಹೇಳಿದರು. ಒಬ್ಬ ಮುದುಕ ಬಗ್ಗಿ, "ಸರಿಯಾಗ್ ಬರದ್ರಾ? ಹಿಂದೊಂದ್ಸಲ ತಪ್ಪು ಬರ್ದು ನಂದು ಹೋಗ್ಬುಡ್ತು" ಎಂದ. ಅವನ ಹೆಸರನ್ನು ಹೊಡೆದು ಇನ್ನೊಮ್ಮೆ ಬರೆದೆ.

ಆಮೇಲೆ ಆ ಹೆಸರುಗಳನ್ನೆಲ್ಲ ಸೇರಿಸಿ ಸೈಟಿಗಾಗಿ ಅರ್ಜಿ ಬರೆದು, ಪೋಸ್ಟ್‌ಮ್ಯಾನರ ಜೊತೆ ಪುರಸಭೆ ಕಚೇರಿಗೆ ಹೋದೆ. ಗುಮಾಸ್ತ ಪೂರ್ತಿ ಓದಿ, "ಇದು ನಮಗೆ ಬರಲ್ಲ ಮೇಡಂ" ಎಂದು ಇನ್ನೊಂದು ಕಚೇರಿಗೆ ಕಳಿಸಿದ. ಅಲ್ಲಿ, "ಅವರೇ ಬರಲಿ, ನಿಮಗೇನು ಸಂಬಂಧ?" ಎಂದರು. ಅಲ್ಲೇ ಬಿಟ್ಟುಬಂದ ಅರ್ಜಿ, ಇನ್ನೊಮ್ಮೆ ವಿಚಾರಿಸಿದಾಗ ಸಿಗಲಿಲ್ಲ. ಬೀದಿಗೆ ಹೋಗಿ ಇದನ್ನು ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಮುಂದಿನ ತಿಂಗಳ ನಡಿಗೆಯ ದಿನ, ಬೇರೆ ಕಡೆ ನಡೆಯೋಣ ಎಂದೆ. ಪೋಸ್ಟ್‌ಮ್ಯಾನ್ ಸ್ಟೇಷನ್ ರಸ್ತೆಗೆ ತಿರುಗಿದರು.

ಒಂದು ದಿನ ಸಂತೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಆ ಹೆಂಗಸು ಎದುರಾದಳು. "ಯಾವಾಗ ಆಯ್ತದೆ ಮೇಡಂ?"

"ಅರ್ಜಿ ಕೊಟ್ಟಿದೀನಿ" ಎಂದೆ.

"ಕೊಟ್ಟವ್ರಂತೆ ಕಣೇ" ಎಂದು ಅವಳು ಜೊತೆಯವಳಿಗೆ ಹೇಳಿದಳು. ಇಬ್ಬರೂ ನಕ್ಕು ಮುಂದೆ ಹೋದರು. ನಾನು ಕೊಳ್ಳಬೇಕೆಂದು ಬಂದದ್ದನ್ನು ಕೊಳ್ಳದೆ ಮನೆಗೆ ಬಂದೆ.

ಆ ಸಲ ಮಳೆ ಹಿಡಿದ ಮೇಲೆ ಹೊಳೆ ಏರಿತು. ಯಾರ ಪ್ರಾಣಕ್ಕೂ ತೊಂದರೆಯಾಗಲಿಲ್ಲ, ಎರಡು ಮನೆಗಳ ಗೋಡೆಗಳು ಕುಸಿದವು. ಬೀದಿಯವರನ್ನೆಲ್ಲ ನಮ್ಮ ಶಾಲೆಯಲ್ಲೇ ಇರಿಸಿದರು. ನನ್ನ ಕ್ಲಾಸಿನ ಬೆಂಚಿನ ಮೇಲೆ ಆ ಹೆಂಗಸಿನ ಪಾತ್ರೆಗಳಿದ್ದವು. ಪಕ್ಕದಲ್ಲಿ ಕೂತು ಕೊನೆಗೂ ಹೇಳಿದೆ: ಅರ್ಜಿ ಕಚೇರಿಯಲ್ಲೇ ಕಳೆದುಹೋಯಿತು, ನನ್ನ ಕೈಲಿ ಏನೂ ಆಗಲಿಲ್ಲ.

ಅವಳು ಸೆರಗಿನ ನೀರು ಹಿಂಡುತ್ತ ಕೇಳಿಸಿಕೊಂಡಳು. "ಸರ್ಕಾರದವ್ರಲ್ಲ ಅಂತ ನೀವ್ ಅವತ್ತೇ ಹೇಳಿದ್ರಿ. ನಾನೇ ಕಿವಿಗ್ ಹಾಕ್ಕಳ್ಳಿಲ್ಲ" ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಒಣಗಿದ್ ಸೌದೆ ಏನಾರ ಐತಾ?" ಎಂದಳು.

ಶಾಲೆಯ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದೆ. ಮುರಿದ ಡೆಸ್ಕುಗಳ ಹಲಗೆಗಳಿದ್ದವು, ಎಲ್ಲವೂ ನೆನೆದಿದ್ದವು. ಆದರೂ ಇಬ್ಬರೂ ಒಂದೊಂದು ತೆಕ್ಕೆ ಹೊತ್ತು ತಂದೆವು. ಒಲೆ ಹಚ್ಚಿದರೆ ಬರೀ ಹೊಗೆ ಬಂತು.

ನಾಲ್ಕು ದಿನಕ್ಕೆ ನೀರಿಳಿಯಿತು. ಬೇರೆ ಜಾಗವಿಲ್ಲದ್ದರಿಂದ ಅವರೆಲ್ಲ ಅದೇ ಬೀದಿಗೆ ವಾಪಸು ಹೋದರು. ಅವಳ ಹಾಸಿಗೆಯ ಗಂಟನ್ನು ನಾನು ಸೇತುವೆಯವರೆಗೆ ಹೊತ್ತುಕೊಂಡು ಹೋದೆ. "ಸಾಕು ಬುಡಿ ಮೇಡಂ, ಇಳಿಜಾರು, ಜಾರ್ತೈತೆ" ಎಂದು ಗಂಟನ್ನು ತಗೊಂಡು ಅವಳೇ ಇಳಿದಳು.